ಮೂರು ಲಕ್ಷ ರೂಪಾಯಿಯ ಕನ್ನಡಕ: ಮಿಶ್ರ ವಾಸ್ತವದ ಮುಂದಿನ ದಾರಿ

ಸಿಂಧನೂರಿನಿಂದ ಮಾನ್ವಿಯ ಮಾರ್ಗವಾಗಿ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ಜವಳಗೇರಾ ಎಂಬ ಊರಿದೆ. ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ನೀರುಂಡು ಭತ್ತಕ್ಕೆ ಹೆಸರಾದ ಸೀಮೆಯಿದು. ರಾಷ್ಟ್ರೀಯ ಬೀಜ ನಿಗಮದ ವಿಶಾಲವಾದ ಬೀಜೋತ್ಪಾದನಾ ಕ್ಷೇತ್ರವೂ ಇಲ್ಲಿದೆ. ಇಂಥ ಊರಿನಲ್ಲಿ ಯಾವ ಹೊಸ ವಸ್ತುವಿನ ಬೆಲೆಯನ್ನು ಕೇಳಿದರೂ ಜನರು ಅದನ್ನು ಮೊದಲು ನೆಲ್ಲಿನ ಚೀಲಗಳಲ್ಲಿ ಲೆಕ್ಕಹಾಕುವುದು ಸಹಜ. ನಾವೂ ಹಾಗೆಯೇ ಲೆಕ್ಕ ಹಾಕಿ ನೋಡೋಣ.

2024ರ ಫೆಬ್ರವರಿ 2ರಂದು ಆಪಲ್ ಕಂಪನಿಯು ‘ವಿಷನ್ ಪ್ರೋ’ ಎಂಬ, ತಲೆಗೆ ಕಟ್ಟಿಕೊಂಡು ಕಣ್ಣಿಗೆ ಧರಿಸುವ ಯಂತ್ರವನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಅದರ ಆರಂಭದ ಬೆಲೆ 3,499 ಡಾಲರು. ಆಗ ಡಾಲರಿಗೆ ಸುಮಾರು 83 ರೂಪಾಯಿಯಿದ್ದುದರಿಂದ ಇದು ನಮ್ಮ ಲೆಕ್ಕದಲ್ಲಿ ಸುಮಾರು 2 ಲಕ್ಷ 90 ಸಾವಿರ ರೂಪಾಯಿ. ಸುಂಕವನ್ನೂ ಸಾಗಣೆಯನ್ನೂ ಸೇರಿಸಿದರೆ ಮೂರು ಲಕ್ಷವನ್ನು ಮೀರುವುದು. 2024–25ನೆಯ ಸಾಲಿನ ಮುಂಗಾರಿಗೆ ಕೇಂದ್ರ ಸರಕಾರವು ಸಾಧಾರಣ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ಎಂದರೆ, ಸುಂಕವಿಲ್ಲದ ಬೆಲೆಗೇ ಒಂದು ಹೆಡ್‌ಸೆಟ್ಟಿಗೆ ಸುಮಾರು 126 ಕ್ವಿಂಟಲ್ ಭತ್ತವನ್ನು ತೂಗಬೇಕು. ಎಕರೆಗೆ 25 ಕ್ವಿಂಟಲ್ ಇಳುವರಿಯೆಂದು ಹಿಡಿದರೆ ಐದೆಕರೆಯ ಒಂದು ಪೂರ್ಣ ಬೆಳೆ. ಅದೂ ಗೊಬ್ಬರ, ಔಷಧಿ, ಕೂಲಿಗಳ ಖರ್ಚನ್ನು ಕಳೆಯದೆ.

ಇಷ್ಟು ದುಬಾರಿಯಾದ ಸಾಧನಕ್ಕೆ ಭವಿಷ್ಯವುಂಟೆ? ಮೊಬೈಲಿನಂತೆ ಇದೂ ಮುಂದೊಂದು ದಿನ ಮನೆಮನೆಗೆ ಬಂದೀತೆ, ಅಥವಾ ಮೂಲೆಗೆ ಬಿದ್ದೀತೆ? ನಮ್ಮ ವಿದ್ಯಾರ್ಥಿಗಳು ಇದರ ವಿಷಯದಲ್ಲಿ ಏನನ್ನು ನಿರೀಕ್ಷಿಸಬೇಕು? ಈ ಪ್ರಶ್ನೆಗಳನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಏನಿದು ಮಿಶ್ರ ವಾಸ್ತವ?

ನಮ್ಮ ಸುತ್ತಲಿನ ನಿಜವಾದ ಲೋಕ ಒಂದು ಕೊನೆ. ಕಂಪ್ಯೂಟರು ಕಲ್ಪಿಸಿದ ಲೋಕ ಇನ್ನೊಂದು ಕೊನೆ. ಇವೆರಡರ ನಡುವೆ ಬೇರೆಬೇರೆ ಪ್ರಮಾಣದಲ್ಲಿ ನಿಜವನ್ನೂ ಕಲ್ಪಿತವನ್ನೂ ಬೆರೆಸಬಹುದೆಂದು 1994ರಲ್ಲಿ ಪಾಲ್ ಮಿಲ್‌ಗ್ರಾಮ್, ಫ್ಯುಮಿಯೊ ಕಿಶಿನೊ ಎಂಬ ಇಬ್ಬರು ವಿದ್ವಾಂಸರು ತೋರಿಸಿದರು. ಈ ನಡುವಣ ಪ್ರದೇಶಕ್ಕೇ ಮಿಶ್ರ ವಾಸ್ತವವೆಂದು ಹೆಸರು. ನಿಮ್ಮ ಶಾಲೆಯ ಮೇಜು ನಿಜ. ಅದರ ಮೇಲೆ ಮಿಡಿಯುತ್ತಿರುವ ಹೃದಯವೊಂದು ಕಲ್ಪಿತ. ನೀವು ಮೇಜನ್ನು ಸುತ್ತಿ ಬಂದರೆ ಹೃದಯದ ಹಿಂಬದಿಯೂ ಕಾಣಬೇಕು. ಬಗ್ಗಿ ನೋಡಿದರೆ ಕೆಳಭಾಗವೂ ಕಾಣಬೇಕು. ಇದೇ ಈ ಯಂತ್ರದ ಕೆಲಸ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. 1838ರಲ್ಲಿಯೇ ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿಜ್ಞಾನಿಯು ಎರಡು ಕಣ್ಣುಗಳಿಗೆ ತುಸು ಬೇರೆಬೇರೆಯಾದ ಎರಡು ಚಿತ್ರಗಳನ್ನು ತೋರಿಸಿದರೆ ಮಿದುಳು ಅವನ್ನು ಕೂಡಿಸಿ ಘನವಾದ ಒಂದೇ ವಸ್ತುವಾಗಿ ಕಾಣುವುದೆಂದು ಸಿದ್ಧಪಡಿಸಿದ್ದನು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಇದಕ್ಕೆ ಕಂಪ್ಯೂಟರನ್ನು ಸೇರಿಸಿದನು. ತಲೆಯ ಚಲನೆಯನ್ನು ಅಳೆಯಲು ಅವನ ಯಂತ್ರಕ್ಕೆ ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳನ್ನು ಜೋಡಿಸಬೇಕಾಗಿತ್ತು. ಕಾಣುತ್ತಿದ್ದುದು ಬರಿಯ ಗೆರೆಗಳಿಂದಾದ ಘನಾಕೃತಿಗಳು. ಆದರೂ ಆ ಗೆರೆಗಳು ಕೋಣೆಯ ಗಾಳಿಯಲ್ಲಿ ತೇಲಿದಂತೆ ತೋರುತ್ತಿದ್ದವು. ಅಂದಿನಿಂದ ಯಂತ್ರ ಕುಗ್ಗಿದೆ, ಚಿತ್ರ ತಿಳಿಯಾಗಿದೆ. ಮೂಲ ತತ್ತ್ವ ಮಾತ್ರ ಅದೇ ಆಗಿದೆ.

ಕಣ್ಣನ್ನು ನಂಬಿಸುವ ಬಗೆ

ಈಗಿನ ಹೆಡ್‌ಸೆಟ್ಟುಗಳಲ್ಲಿ ಎರಡು ಬಗೆ. ಮೊದಲನೆಯದು ಪಾರದರ್ಶಕ. ಹೊರಗಿನ ಬೆಳಕು ಗಾಜಿನ ಮೂಲಕ ನೇರವಾಗಿ ಕಣ್ಣನ್ನು ಸೇರುತ್ತದೆ. ಅದೇ ಗಾಜಿನೊಳಗೆ ಹಾಯಿಸಿದ ಚಿತ್ರದ ಬೆಳಕು ಅದರೊಡನೆ ಕೂಡಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಕಂಪನಿಯ ‘ಹೋಲೋಲೆನ್ಸ್’ ಈ ಜಾತಿಯದು. ಇಲ್ಲಿ ಬೆಳಕಿಗೆ ಬೆಳಕನ್ನು ಕೂಡಿಸಬಹುದೇ ಹೊರತು ಕಳೆಯಲಾಗದು. ಆದುದರಿಂದ ಇದು ಕಪ್ಪು ಬಣ್ಣವನ್ನು ತೋರಿಸಲಾರದು, ಬಯಲಿನ ಬಿಸಿಲಿನಲ್ಲಿ ಅದರ ಚಿತ್ರ ಮಾಸಿಹೋಗುತ್ತದೆ.

ಎರಡನೆಯದು ಕ್ಯಾಮೆರಾದ ಬಗೆ. ಇಲ್ಲಿ ಕಣ್ಣು ಪೂರ್ತಿ ಮುಚ್ಚಿರುತ್ತದೆ. ಮುಂಭಾಗದ ಕ್ಯಾಮೆರಾಗಳು ಹೊರಲೋಕವನ್ನು ಹಿಡಿದು ಒಳಗಿನ ತೆರೆಗಳ ಮೇಲೆ ಮೂಡಿಸುತ್ತವೆ. ವಿಷನ್ ಪ್ರೋ ಈ ಜಾತಿಯದು. ಅದರಲ್ಲಿ 12 ಕ್ಯಾಮೆರಾಗಳಿದ್ದು, ಕ್ಯಾಮೆರಾ ಕಂಡದ್ದು ಕಣ್ಣಿನ ಮುಂದಿನ ತೆರೆಗೆ ಬರಲು ಒಂದು ಸೆಕೆಂಡಿನ ಸಾವಿರದಲ್ಲಿ 12 ಭಾಗ ಮಾತ್ರ ಸಾಕೆಂದು ಕಂಪನಿಯು ಹೇಳುತ್ತದೆ. ಈ ಆತುರಕ್ಕೆ ಕಾರಣವುಂಟು. ತಲೆಯನ್ನು ತಿರುಗಿಸಿದೊಡನೆ ಒಳಗಿವಿಯಲ್ಲಿರುವ ಸಮತೋಲದ ಅಂಗಕ್ಕೆ ಅದು ತಿಳಿಯುತ್ತದೆ. ಕಣ್ಣಿಗೆ ಅದೇ ಸುದ್ದಿ ತಡವಾಗಿ ಬಂದರೆ ಮಿದುಳಿಗೆ ಗೊಂದಲವಾಗಿ, ಘಾಟಿಯ ರಸ್ತೆಯಲ್ಲಿ ಬಸ್ಸಿನೊಳಗೆ ಕುಳಿತವರಿಗೆ ಆಗುವಂತೆ ತಲೆಸುತ್ತು, ಓಕರಿಕೆಗಳು ಉಂಟಾಗುತ್ತವೆ.

ಬೆಲೆ ಏಕೆ ಇಷ್ಟು ಏರುವುದೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವಾದ ಅಂತರವನ್ನು ಗುರುತಿಸಬಲ್ಲುದು. ಹಾಗಾದರೆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣಬಾರದೆಂದರೆ ಪ್ರತಿ ಡಿಗ್ರಿಗೆ 60 ಚುಕ್ಕೆಗಳಿರಬೇಕು. ನೋಟದ ಹರವು ಅಡ್ಡಕ್ಕೆ 100 ಡಿಗ್ರಿ, ಉದ್ದಕ್ಕೆ 100 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಕಣ್ಣಿಗೆ 6,000ವನ್ನು 6,000ದಿಂದ ಗುಣಿಸಿದಷ್ಟು, ಎಂದರೆ 3 ಕೋಟಿ 60 ಲಕ್ಷ ಚುಕ್ಕೆಗಳಾದವು. ಎರಡು ಕಣ್ಣಿಗೆ 7 ಕೋಟಿ 20 ಲಕ್ಷ. ವಿಷನ್ ಪ್ರೋದ ಎರಡೂ ತೆರೆಗಳಲ್ಲಿ ಸೇರಿ ಇರುವುದು 2 ಕೋಟಿ 30 ಲಕ್ಷ. ಅಂಚೆಚೀಟಿಗಿಂತ ಬಹಳ ದೊಡ್ಡದಲ್ಲದ ತೆರೆಯಲ್ಲಿ ಇಷ್ಟನ್ನು ಕೂರಿಸುವುದೇ ಕಷ್ಟ. ಅದರಿಂದಲೇ ಬೆಲೆ ಏರುತ್ತದೆ. ಆದರೂ ಕಣ್ಣಿನ ಅಳತೆಗೆ ಅದು ಮೂರನೆಯ ಒಂದು ಪಾಲಿನಷ್ಟೇ ಆಯಿತು.

ಇನ್ನೊಂದು ತೊಡಕು ಹಣದಿಂದಲೂ ಸುಲಭವಾಗಿ ಬಗೆಹರಿಯದು. ಬೆರಳೊಂದನ್ನು ಮೂಗಿನ ಮುಂದೆ ಹಿಡಿದು ನೋಡಿರಿ. ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಕಣ್ಣುಗಳೆರಡೂ ಒಳಕ್ಕೆ ತಿರುಗುತ್ತವೆ, ಕಣ್ಣಿನೊಳಗಿನ ಮಸೂರ ದಪ್ಪವಾಗುತ್ತದೆ. ಹುಟ್ಟಿನಿಂದ ಇವೆರಡೂ ಜೋಡೆತ್ತಿನಂತೆ ಒಟ್ಟಿಗೆ ದುಡಿದು ರೂಢಿ. ಹೆಡ್‌ಸೆಟ್ಟಿನಲ್ಲಾದರೋ ಕಲ್ಪಿತ ವಸ್ತು ಹತ್ತಿರ ಬಂದಂತೆ ಕಣ್ಣುಗಳು ಒಳಕ್ಕೆ ತಿರುಗುತ್ತವೆ. ಆದರೆ ಬೆಳಕು ಬರುತ್ತಿರುವ ದೂರ ಬದಲಾಗದೆ ಇರುವುದರಿಂದ ಮಸೂರ ಇದ್ದಲ್ಲಿಯೇ ಇರಬೇಕಾಗುತ್ತದೆ. ಒಂದೆತ್ತು ಎಳೆದು ಇನ್ನೊಂದು ನಿಂತರೆ ನೊಗಕ್ಕೆ ಆಗುವ ಗತಿ ಕಣ್ಣಿಗೂ ಆಗುತ್ತದೆ: ಬೇಗನೆ ಆಯಾಸ. ಇದರೊಡನೆ ತಲೆಯ ಮೇಲೆ 600 ಗ್ರಾಂಗೆ ಕಡಿಮೆಯಿಲ್ಲದ ಭಾರ, ಜೇಬಿನಲ್ಲಿ 353 ಗ್ರಾಂ ತೂಕದ ಬ್ಯಾಟರಿ, ಅದರಿಂದ ಎರಡು ಗಂಟೆಯ ಬಳಕೆ. ಇದು 2024ರ ಮಾದರಿಯ ಲೆಕ್ಕ.

ಕಂಪನಿಯ ಸೂಚನೆಯ ಪ್ರಕಾರ ಈ ಯಂತ್ರವನ್ನು ಬಳಸತಕ್ಕದ್ದು ಸೊನ್ನೆಯಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ರಾಯಚೂರು ಜಿಲ್ಲೆಯಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಅನುಭವ. ಜವಳಗೇರಾದ ಗದ್ದೆಯ ಬದುವಿನ ಮೇಲೆ ಏಪ್ರಿಲ್ ತಿಂಗಳಿನ ಮಧ್ಯಾಹ್ನ ಇದನ್ನು ಧರಿಸುವುದು ಯಂತ್ರಕ್ಕೂ ಹಿತವಲ್ಲ, ಧರಿಸಿದವನಿಗೂ ಹಿತವಲ್ಲ. ತಂಪು ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರವಿದು.

ಮೊಬೈಲಿನ ದಾರಿಯೋ, ಮೂರು ಆಯಾಮದ ಟೆಲಿವಿಷನ್ನಿನ ದಾರಿಯೋ?

ಎಲ್ಲ ಹೊಸ ಯಂತ್ರಗಳೂ ಮೊದಲು ದುಬಾರಿ, ಆಮೇಲೆ ಅಗ್ಗ ಎಂದು ಹಲವರು ಸಮಾಧಾನ ಹೇಳುತ್ತಾರೆ. ಮೊಬೈಲನ್ನೇ ನೋಡಿರಿ: 1983ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಕೈಫೋನಿನ ಬೆಲೆ 3,995 ಡಾಲರು. ಇಂದು ಅದು ಹೊಲದಲ್ಲಿ ಕಳೆ ಕೀಳುವವರ ಕೈಯಲ್ಲಿಯೂ ಇದೆ. ಆದರೆ 2010ರ ಸುಮಾರಿಗೆ ಬಹಳ ಸಂಭ್ರಮದಿಂದ ಬಂದ ಮೂರು ಆಯಾಮದ ಟೆಲಿವಿಷನ್ನನ್ನೂ ನೆನೆಯಬೇಕು. ಅದರ ಬೆಲೆಯೂ ಇಳಿಯಿತು; ಆದರೂ ಜನ ಕೊಳ್ಳಲಿಲ್ಲ, 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಅದರ ತಯಾರಿಕೆಯನ್ನೇ ಕೈಬಿಟ್ಟವು.

ವ್ಯತ್ಯಾಸವೆಲ್ಲಿ? ದೂರದವರೊಡನೆ ಮಾತನಾಡಬೇಕೆಂಬ ಅಗತ್ಯ ಮೊಬೈಲಿಗಿಂತ ಮೊದಲೇ ಇತ್ತು. ನಮ್ಮ ದೇಶದಲ್ಲಿ ಒಂದು ಟೆಲಿಫೋನಿಗಾಗಿ ಜನರು ವರ್ಷಗಟ್ಟಲೆ ಕಾದಿದ್ದರು. ಮೂರು ಆಯಾಮದ ಟೆಲಿವಿಷನ್ನಿಗಾಗಿ ಯಾರೂ ಕಾದಿರಲಿಲ್ಲ. ಬೆಲೆ ಇಳಿದುದರಿಂದ ಅಗತ್ಯ ಹುಟ್ಟುವುದಿಲ್ಲ. ಅಗತ್ಯವಿದ್ದರೆ ಬೆಲೆ ಇಳಿಯಲು ದಾರಿಯಾಗುತ್ತದೆ.

ಹೆಡ್‌ಸೆಟ್ಟಿನ ಇತ್ತೀಚಿನ ಚರಿತ್ರೆಯೂ ಎಚ್ಚರಿಕೆಯನ್ನೇ ಹೇಳುತ್ತದೆ. 2013ರಲ್ಲಿ 1,500 ಡಾಲರಿಗೆ ಬಂದ ಗೂಗಲ್ ಕನ್ನಡಕದ ಕಾರ್ಖಾನೆ ಬಳಕೆಯ ಮಾದರಿಯೂ 2023ರಲ್ಲಿ ನಿಂತಿತು. 2019ರಲ್ಲಿ 3,500 ಡಾಲರಿಗೆ ಬಂದ ಎರಡನೆಯ ಹೋಲೋಲೆನ್ಸಿನ ತಯಾರಿಕೆಯನ್ನು ಮೈಕ್ರೋಸಾಫ್ಟ್ 2024ರಲ್ಲಿ ನಿಲ್ಲಿಸಿತು. ಮೆಟಾ ಕಂಪನಿಯ ‘ಕ್ವೆಸ್ಟ್ ಪ್ರೋ’ 2022ರಲ್ಲಿ 1,500 ಡಾಲರಿಗೆ ಬಂದು ಕೆಲವೇ ತಿಂಗಳಲ್ಲಿ 1,000 ಡಾಲರಿಗೆ ಇಳಿದರೂ ಉಳಿಯಲಿಲ್ಲ. ಇನ್ನೊಂದು ಕಡೆ, ಅದೇ ಕಂಪನಿಯು 2023ರಲ್ಲಿ ‘ಕ್ವೆಸ್ಟ್ 3’ ಎಂಬುದನ್ನು 500 ಡಾಲರಿಗೂ, ಸ್ಯಾಮ್‌ಸಂಗ್ 2025ರ ಅಕ್ಟೋಬರಿನಲ್ಲಿ ತನ್ನ ‘ಗ್ಯಾಲಕ್ಸಿ ಎಕ್ಸ್‌ಆರ್’ ಎಂಬುದನ್ನು 1,799 ಡಾಲರಿಗೂ ತಂದವು. ಅದೇ ತಿಂಗಳು ಬಂದ ವಿಷನ್ ಪ್ರೋದ ಹೊಸ ಮಾದರಿಯ ಬೆಲೆ ಮಾತ್ರ 3,499 ಡಾಲರಾಗಿಯೇ ಉಳಿಯಿತು. ಬೆಲೆಯ ಇಳಿತವೇನೋ ಆರಂಭವಾಗಿದೆ. ಆದರೆ ಅಗತ್ಯವೆಲ್ಲಿದೆಯೆಂಬುದೇ ಮುಖ್ಯ ಪ್ರಶ್ನೆ.

ಹಾರ್ವೆಸ್ಟರಿನ ಲೆಕ್ಕ

ಈ ಪ್ರಶ್ನೆಗೆ ಉತ್ತರದ ಸುಳಿವನ್ನು ಜವಳಗೇರಾದ ಗದ್ದೆಗಳಿಂದಲೇ ಪಡೆಯಬಹುದೆಂದು ನಮಗೆ ತೋರುತ್ತದೆ. ಭತ್ತದ ಕೊಯ್ಲಿನ ಕಾಲಕ್ಕೆ ಈ ಭಾಗಕ್ಕೆ ಹಾರ್ವೆಸ್ಟರುಗಳು ಬರುತ್ತವೆ. ಒಂದೊಂದರ ಬೆಲೆ ಹೆಡ್‌ಸೆಟ್ಟಿನ ಹಲವು ಪಾಲು. ಸಣ್ಣ ರೈತನು ಅದನ್ನು ಕೊಳ್ಳುವುದಿಲ್ಲ. ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಗದ್ದೆಯನ್ನು ಕೊಯ್ಯಿಸುತ್ತಾನೆ. ಕರ್ನಾಟಕ ಸರಕಾರದ ‘ಕೃಷಿ ಯಂತ್ರಧಾರೆ’ ಕೇಂದ್ರಗಳ ತತ್ತ್ವವೂ ಇದೇ. ಯಂತ್ರ ದುಬಾರಿಯೋ ಅಗ್ಗವೋ ಎಂಬುದನ್ನು ಅದರ ಬೆಲೆಯೊಂದರಿಂದಲೇ ನಿರ್ಧರಿಸಲಾಗದು. ಆ ಬೆಲೆಯನ್ನು ಅದು ದುಡಿಯುವ ಗಂಟೆಗಳಿಂದ ಭಾಗಿಸಬೇಕು.

ಹೆಡ್‌ಸೆಟ್ಟಿಗೂ ಹೀಗೆಯೇ ಭಾಗಿಸಿ ನೋಡೋಣ. ಮನೆಯೊಂದರಲ್ಲಿ ಅದನ್ನು ತಿಂಗಳಿಗೆ ಎರಡು ಗಂಟೆ ಬಳಸಿದರೆ ಮೂರು ವರ್ಷಕ್ಕೆ 72 ಗಂಟೆ. 2,90,000 ರೂಪಾಯಿಗೆ ಗಂಟೆಯೊಂದಕ್ಕೆ ಸುಮಾರು 4,000 ರೂಪಾಯಿ ಬೀಳುತ್ತದೆ. ತರಬೇತಿ ಕೇಂದ್ರವೊಂದರಲ್ಲಿ ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 200 ದಿನ ಬಳಸಿದರೆ ಮೂರು ವರ್ಷಕ್ಕೆ 3,000 ಗಂಟೆ. ಗಂಟೆಗೆ ಬೀಳುವುದು 100 ರೂಪಾಯಿಯೊಳಗೆ. ಯಂತ್ರ ಅದೇ, ಬೆಲೆ ಅದೇ. ಒಂದು ಕಡೆ ವಿಲಾಸ, ಇನ್ನೊಂದು ಕಡೆ ಉಪಕರಣ.

ಈ ಲೆಕ್ಕದಲ್ಲಿ ಸೇರದ ಖರ್ಚೂ ಒಂದಿದೆ. ಹೆಡ್‌ಸೆಟ್ಟಿನೊಳಗೆ ತೋರಿಸುವ ಪಾಠವನ್ನು ಯಾರಾದರೂ ಸಿದ್ಧಪಡಿಸಬೇಕು. ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಅಳೆದು ಅದರ ರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. ಅದಕ್ಕೆ ಯಂತ್ರದ ಬೆಲೆಗಿಂತ ಹೆಚ್ಚು ಹಣ ಬೇಕಾದೀತು. ಹೋಲೋಲೆನ್ಸನ್ನು ನೆಚ್ಚಿದವರಿಗೆ ಇನ್ನೂ ಒಂದು ತೊಂದರೆ ತಗಲಿತು: ಮಾರಿದ ಕಂಪನಿಯೇ ಹಿಂದೆ ಸರಿದಾಗ ಕೊಂಡವರ ಯಂತ್ರ ಹೊಸ ಬಿಡಿಭಾಗ ಸಿಗದ ಟ್ರಾಕ್ಟರಿನಂತಾಗುತ್ತದೆ.

ಎರಡು ಪರೀಕ್ಷೆಗಳು

ಹಾಗಾದರೆ ಯಾವ ಕೆಲಸಕ್ಕೆ ಈ ಯಂತ್ರ ತಕ್ಕದ್ದು? ನಮ್ಮ ಅಭಿಪ್ರಾಯದಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು: ಜೇಬಿನಲ್ಲಿರುವ ಮೊಬೈಲು ಇದನ್ನೇ ಮಾಡಲಾರದೆ? ಎರಡನೆಯದು: ನಿಜವಾದ ಸ್ಥಳದಲ್ಲಿ ಕಲಿಯುವುದು ಅಪಾಯವೋ ಅಸಾಧ್ಯವೋ ಆಗಿದೆಯೆ?

ಜವಳಗೇರಾದ ಬೀಜದ ತಾಕಿನಲ್ಲಿ ಬೆರಕೆ ಗಿಡವನ್ನು ಗುರುತಿಸಿ ಕೀಳುವ ಕೆಲಸವುಂಟು. ಗಿಡದ ಲಕ್ಷಣವನ್ನು ಚಿತ್ರದಲ್ಲಿ ನೋಡಿ ಹೋಲಿಸಲು ಮೊಬೈಲೇ ಸಾಕು, ಹೆಡ್‌ಸೆಟ್ಟು ಬೇಡ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನವಿದೆ. ಮಸುಕಾದ ಬ್ರಾಹ್ಮೀ ಅಕ್ಷರಗಳ ಮೇಲೆ ಕನ್ನಡದ ಓದು ಮೂಡುವಂತೆ ಮಾಡಿದರೆ ವಿದ್ಯಾರ್ಥಿಗಳಿಗೆ ಬಹಳ ಉಪಕಾರವಾದೀತು. ಆದರೆ ಅದನ್ನೂ ಮೊಬೈಲಿನ ತೆರೆಯ ಮೇಲೆಯೇ ತೋರಿಸಬಹುದು.

ಟ್ರಾಕ್ಟರಿನ ಎಂಜಿನ್ನನ್ನು ಬಿಚ್ಚಿಕೊಂಡು ಕುಳಿತ ಮೆಕ್ಯಾನಿಕನ ಕೈಗಳೆರಡೂ ಗ್ರೀಸಿನಲ್ಲಿರುತ್ತವೆ. ಅವನು ಮೊಬೈಲನ್ನು ಹಿಡಿಯಲಾರನು. ಅಲ್ಲಿ ಕಣ್ಣಿನ ಮುಂದೆ ತೇಲುವ ಸೂಚನೆಗೆ ಬೆಲೆಯುಂಟು. 1990ರ ದಶಕದ ಆರಂಭದಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ಟಾಮ್ ಕಾಡೆಲ್ ಮತ್ತು ಸಂಗಡಿಗರು ಈ ವಿದ್ಯೆಗೆ ಕೈಹಾಕಿದುದೂ ಇಂಥ ಕಾರಣದಿಂದಲೇ: ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರನಿಗೆ ದಾರಿಯನ್ನು ಕಣ್ಣೆದುರಿಗೇ ತೋರಿಸಬೇಕಾಗಿತ್ತು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂಥ ಸ್ಥಳಗಳಲ್ಲಿ, ಐ.ಟಿ.ಐ.ಗಳ ಕಾರ್ಯಾಗಾರಗಳಲ್ಲಿ ಇಂಥ ಕೆಲಸಗಳಿಗೆ ಕೊರತೆಯಿಲ್ಲ.

ಎರಡನೆಯ ಪರೀಕ್ಷೆಗೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನೆನೆಯೋಣ. ಚಿನ್ನದ ಗಣಿಗೆ ಹೊಸದಾಗಿ ಸೇರಿದವನು ಹೊಗೆ ತುಂಬಿದ ಸುರಂಗದಲ್ಲಿ ದಾರಿ ಹುಡುಕುವುದನ್ನು ಕಲಿಯಬೇಕು; ಅದಕ್ಕಾಗಿ ಸುರಂಗಕ್ಕೆ ನಿಜವಾದ ಹೊಗೆಯನ್ನು ತುಂಬಲಾಗದು. ನೆಲದ ಮೇಲಿನ ಒಂದು ಕೋಣೆಯಲ್ಲಿ ನಿಜವಾದ ಅಗ್ನಿಶಾಮಕವನ್ನು ಕೈಯಲ್ಲಿ ಹಿಡಿದು ಕಲ್ಪಿತ ಬೆಂಕಿಯನ್ನು ಎದುರಿಸಬಹುದಾದರೆ ಅದರ ಪ್ರಯೋಜನ ದೊಡ್ಡದು. ತಪ್ಪಿದರೆ ಮತ್ತೊಮ್ಮೆ ಕಲಿಯಬಹುದು. ಗಣಿಯೊಳಗೆ ತಪ್ಪಿದವನಿಗೆ ಆ ಅವಕಾಶವಿಲ್ಲ.

ಇಂಥ ತರಬೇತಿಗೆ ಹೆಡ್‌ಸೆಟ್ಟೊಂದೇ ದಾರಿಯಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದವರು ಗಣಿ ಸುರಕ್ಷತೆಯ ಪಾಠವನ್ನು ಸುತ್ತಲೂ ತೆರೆಯಿರುವ ದುಂಡಗಿನ ಕೋಣೆಯಲ್ಲಿ ಹಲವರಿಗೆ ಒಟ್ಟಿಗೆ ತೋರಿಸುವ ಏರ್ಪಾಟನ್ನು ಮಾಡಿದರು. ಅದೇ ವಿಶ್ವವಿದ್ಯಾನಿಲಯದ ಸಂಶೋಧನೆಯ ನೆರವಿನಿಂದ ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ಎಂಬ ಕಲಾವಿದರು ಹಂಪಿಯನ್ನು ಸುತ್ತಲೂ ಘನವಾಗಿ ಕಾಣಿಸುವ ‘ಪ್ಲೇಸ್ ಹಂಪಿ’ ಎಂಬ ಪ್ರದರ್ಶನವನ್ನು ರಚಿಸಿದರು. 2006ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕಂಡ ಅದನ್ನು 2012ರಲ್ಲಿ ನಮ್ಮದೇ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಳಿಸಲಾಯಿತು. ತಿರುಗುವ ವೇದಿಕೆ, ಸುತ್ತಲೂ ತೆರೆ, ನೋಡುವವರಿಗೆ ಹಗುರವಾದ ಕನ್ನಡಕ: ಇಷ್ಟೇ. ತಲೆಗೆ ಭಾರವಿಲ್ಲ, ಒಬ್ಬ ಕಂಡದ್ದನ್ನು ಪಕ್ಕದವನೂ ಕಂಡು ಮಾತನಾಡಬಹುದು. ಶಾಲೆಯ ಮಕ್ಕಳು ಗುಂಪಾಗಿ ಬರುವ ಕಡೆ ಈ ದಾರಿಯೇ ಲೇಸೆಂದು ತೋರುತ್ತದೆ.

ಯಂತ್ರಕ್ಕಿಂತ ಹೆಚ್ಚು ಬಾಳುವುದು

ಇದುವರೆಗೆ ಹೇಳಿದುದರಿಂದ ಮುಂದಿನ ದಾರಿ ಸ್ವಲ್ಪಮಟ್ಟಿಗೆ ಸ್ಪಷ್ಟವಾಗುತ್ತದೆ. ಹೆಡ್‌ಸೆಟ್ಟು ಎರಡಾಗಿ ಕವಲೊಡೆಯುವ ಸಂಭವವಿದೆ. ಒಂದು ಕವಲು ಹಗುರವಾದ ಕನ್ನಡಕದ ಕಡೆಗೆ: ಮೆಟಾ ಕಂಪನಿಯು 2025ರಲ್ಲಿ ಒಂದೇ ಕಣ್ಣಿಗೆ ಚಿಕ್ಕ ತೆರೆಯಿರುವ 69 ಗ್ರಾಂ ತೂಕದ ಕನ್ನಡಕವನ್ನು 799 ಡಾಲರಿಗೆ ತಂದಿತು. ಅದು ತೋರಿಸುವುದು ಸ್ವಲ್ಪ. ಆದರೆ ದಿನವೆಲ್ಲ ಧರಿಸಲು ಯೋಗ್ಯ. ಜನಸಾಮಾನ್ಯರಿಗೆ ತಲುಪುವುದಾದರೆ ಈ ಕವಲೇ ತಲುಪೀತು. ಇನ್ನೊಂದು ಕವಲು ಭಾರವಾದ, ದುಬಾರಿಯಾದ, ಆದರೆ ಸಮರ್ಥವಾದ ಯಂತ್ರ. ಅದು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದಂತೆ, ಕಾಲೇಜಿನ ಒಳ್ಳೆಯ ಸೂಕ್ಷ್ಮದರ್ಶಕದಂತೆ, ಹಲವರು ಸರದಿಯಲ್ಲಿ ಬಳಸುವ ಸಾಮಾನ್ಯ ಸ್ವತ್ತಾಗಿ ಉಳಿಯುವುದು. ಇದು ನಮ್ಮ ಊಹೆಯೇ ಹೊರತು ಸಿದ್ಧಾಂತವಲ್ಲ; ಆದರೆ ಕಣ್ಣಿನ ರಚನೆಯೂ ಹಣದ ಲೆಕ್ಕವೂ ಇದರ ಕಡೆಗೇ ಬೆರಳು ತೋರಿಸುತ್ತವೆ.

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ವಿಷನ್ ಪ್ರೋದಂಥ ಸಾಧನವು ಧರಿಸಿದವನ ನೋಟ ಯಾವುದರ ಮೇಲೆ ನೆಟ್ಟಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ, ಅವನ ಮನೆಯ ಒಳಗನ್ನು ಕ್ಯಾಮೆರಾದಿಂದ ನೋಡುತ್ತದೆ. ಈ ತಿಳಿವಳಿಕೆ ಯಾರ ಕೈಗೆ ಹೋಗುವುದೆಂಬುದನ್ನು ಕೇಳುವ ಹಕ್ಕು ಬಳಸುವವನಿಗೆ ಇರಬೇಕು. 13 ವರ್ಷಕ್ಕಿಂತ ಕಿರಿಯರು ತನ್ನ ಸಾಧನವನ್ನು ಬಳಸಕೂಡದೆಂದು ಆಪಲ್ ಕಂಪನಿಯೇ ಹೇಳಿದೆ. ಶಾಲೆಗಳು ಇದನ್ನು ಮರೆಯಬಾರದು.

ಇನ್ನು ಹೆಡ್‌ಸೆಟ್ಟನ್ನು ಕೊಳ್ಳಲಾರದ ನಮ್ಮ ವಿದ್ಯಾರ್ಥಿಗಳು ಕೈಕಟ್ಟಿ ಕುಳಿತಿರಬೇಕೆ? ಹಾಗಿಲ್ಲ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಹಂಪಿಯನ್ನು ಡಿಜಿಟಲ್ ರೂಪದಲ್ಲಿ ದಾಖಲಿಸುವ ಯೋಜನೆಯೊಂದು ನಡೆಯಿತು, ದೆಹಲಿಯ ಐ.ಐ.ಟಿ.ಯೊಡನೆ ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದರು. 2017ರಲ್ಲಿ ಆ ಕೆಲಸದ ಫಲಗಳು ಗ್ರಂಥರೂಪದಲ್ಲಿ ಪ್ರಕಟವಾದವು. ಆ ಕೆಲಸ ಆರಂಭವಾದಾಗ ವಿಷನ್ ಪ್ರೋ ಇರಲಿಲ್ಲ, ಹೋಲೋಲೆನ್ಸ್ ಇರಲಿಲ್ಲ. ಅವುಗಳಲ್ಲೊಂದರ ತಯಾರಿಕೆ ಆಗಲೇ ನಿಂತೂಹೋಯಿತು. ಆದರೆ ಕಂಬವೊಂದರ ಅಳತೆಯನ್ನು ಸರಿಯಾಗಿ ತೆಗೆದು ಇಟ್ಟರೆ ಅದನ್ನು ಮೊಬೈಲಿನಲ್ಲಿಯೂ ನೋಡಬಹುದು, ದುಂಡು ಕೋಣೆಯಲ್ಲಿಯೂ ನೋಡಬಹುದು, ಇನ್ನು ಹತ್ತು ವರ್ಷಕ್ಕೆ ಬರುವ ಕನ್ನಡಕದಲ್ಲಿಯೂ ನೋಡಬಹುದು.

ಈ ಅಳತೆಯ ಕೆಲಸಕ್ಕೆ ಮೂರು ಲಕ್ಷ ರೂಪಾಯಿ ಬೇಕಿಲ್ಲ. ಸಾಧಾರಣ ಮೊಬೈಲಿನಿಂದ ಒಂದು ಕಲ್ಲನ್ನೋ ಯಂತ್ರವನ್ನೋ ಸುತ್ತಲೂ ಐವತ್ತು ಅರುವತ್ತು ಚಿತ್ರ ತೆಗೆದು, ಅವನ್ನು ಕೂಡಿಸಿ ಘನವಾದ ರೂಪವನ್ನು ಕಟ್ಟುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಇದಕ್ಕೆ ಬೇಕಾದ ಜ್ಯಾಮಿತಿಯೂ ಬೆಳಕಿನ ಶಾಸ್ತ್ರವೂ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇವೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ವಿದ್ಯಾರ್ಥಿಗಳು ತಮ್ಮ ಊರಿನ ಗುಡಿ, ತೂಬು, ಟ್ರಾಕ್ಟರು, ಭತ್ತದ ತಳಿ ಇವುಗಳನ್ನು ಈಗಲೇ ಅಳೆದು, ಕನ್ನಡದಲ್ಲಿ ವಿವರಣೆ ಬರೆದು ಸಿದ್ಧಪಡಿಸಬಹುದು. ಮುಂದೆ ಅಗ್ಗವಾದ ಕನ್ನಡಕವು ಜವಳಗೇರಾಕ್ಕೆ ಬಂದಾಗ ಅದರೊಳಗೆ ನೋಡಲು ನಮ್ಮದೆನ್ನುವುದೂ ಏನಾದರೂ ಇರಬೇಕು.